ಉತ್ಸರ್ಗ, ಅಪವಾದ ಮತ್ತು ತಂತ್ರಾಂಶದ ನಿರೂಪಣೆ: ನಾಲ್ಕು ಊರುಗಳ ಹೆಸರಿನ ನೆಲೆಯಲ್ಲಿ ಒಂದು ವಿಮರ್ಶೆ

ತಂತ್ರಾಂಶವೊಂದನ್ನು ರಚಿಸುವ ಮುನ್ನ ಅದು ಏನನ್ನು ಮಾಡತಕ್ಕದ್ದು ಎಂಬುದನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ತರ್ಕದ ಭಾಷೆಯಲ್ಲಿ ಬರೆದಿಡುವ ಕ್ರಮವನ್ನು ಔಪಚಾರಿಕ ನಿರೂಪಣೆ ಎನ್ನಬಹುದು. ‘ಝಡ್’, ‘ವಿಡಿಎಂ’ ಮೊದಲಾದ ನಿರೂಪಣಾ ಭಾಷೆಗಳು ಈ ಉದ್ದೇಶಕ್ಕಾಗಿಯೇ ರೂಪುಗೊಂಡವು. ಇವುಗಳ ಅಡಿಗಲ್ಲು ಶಾಸ್ತ್ರೀಯ ತರ್ಕ. ಅಲ್ಲಿ ಒಮ್ಮೆ ಸಿದ್ಧವಾದ ನಿರ್ಣಯವು ಹೊಸ ಆಧಾರವಾಕ್ಯ ಸೇರಿದ ಮಾತ್ರಕ್ಕೆ ಬಿದ್ದುಹೋಗುವುದಿಲ್ಲ. ಆದರೆ ಲೋಕವ್ಯವಹಾರ ನಡೆಯುವುದು ‘ಸಾಮಾನ್ಯವಾಗಿ’ ಎಂಬ ಮಾತನ್ನು ನಂಬಿ. ವಿರೋಧ ಕಾಣದಿರುವವರೆಗೆ ಒಂದು ನಿರ್ಣಯವನ್ನು ಒಪ್ಪಿ, ಕಂಡೊಡನೆ ಹಿಂತೆಗೆದುಕೊಳ್ಳುವ ಈ ಯೋಚನಾಕ್ರಮಕ್ಕೆ ರೇಮಂಡ್ ರೈಟರ್ 1980ರಲ್ಲಿ ಡಿಫಾಲ್ಟ್ ತರ್ಕವೆಂಬ ರೂಪವನ್ನು ಕೊಟ್ಟರು. ನಿರೂಪಣೆಯೊಳಗೆ ಇದಕ್ಕೆ ಸ್ಥಾನ ಕೊಡಬಹುದೇ, ಕೊಟ್ಟರೆ ಯಾವ ಮಿತಿಯಲ್ಲಿ ಎಂಬುದು ಪ್ರಸ್ತುತ ಲೇಖನದ ವಿಷಯ.

ಟಿಕೆಟಿನ ಸಂದೇಶದಲ್ಲಿ ಊರಿನ ಹೆಸರಿಗೆ ‘ಗೆ’ ಪ್ರತ್ಯಯ ಹಚ್ಚುವ ಸಣ್ಣ ಕೆಲಸವನ್ನೇ ತೆಗೆದುಕೊಳ್ಳೋಣ. ಹೊಸಪೇಟೆಗೆ, ಹಂಪಿಗೆ, ಕಂಪ್ಲಿಗೆ. ಹಂಪಿ ಎಂದು ಬರೆದರೂ ಹಂಪೆ ಎಂದು ಬರೆದರೂ ನಿಯಮ ಕೆಡುವುದಿಲ್ಲ. ಮೂರು ಊರುಗಳನ್ನು ನೋಡಿ ನಿಯಮ ಕಟ್ಟಿದವನು ನಾಲ್ಕನೆಯದರಲ್ಲಿ ಎಡವುತ್ತಾನೆ. ‘ಸಂಡೂರು ಗೆ’, ‘ಸಂಡೂರುನಲ್ಲಿ’ ಎಂಬ ವಿಕಾರಗಳು ಹೀಗೆ ಹುಟ್ಟುತ್ತವೆ. ಇಂಗ್ಲಿಷಿನಲ್ಲಿ ಹೆಸರು ಬದಲಾಗದೆ ನಿಲ್ಲುವುದರಿಂದ ಆ ಭಾಷೆಯಲ್ಲಿ ಬರೆದ ನಿರೂಪಣೆಗೆ ಈ ತೊಡಕು ಕಾಣುವುದೇ ಇಲ್ಲ. ಉಕಾರಾಂತಕ್ಕೆ ‘ಇಗೆ’ ಎಂದು ತಿದ್ದಿದರೆ ಸಂಡೂರಿಗೆ ಸರಿಯಾಗುತ್ತದೆ. ಆದರೆ ಜಮ್ಮು ಎಂಬ ಹೆಸರು ಬಂದಾಗ ‘ಜಮ್ಮುವಿಗೆ’ ಎನ್ನಬೇಕಾಗುತ್ತದೆ. ಹೊಸಪೇಟೆಯಿಂದ ಹಂಪಿಗೆ ಹೋಗುವ ದಾರಿಯ ಕಮಲಾಪುರಕ್ಕೆ ಮತ್ತೊಂದೇ ನಿಯಮ.

ಕನ್ನಡ ವ್ಯಾಕರಣ ಪರಂಪರೆಗೆ ಈ ಪರಿಸ್ಥಿತಿ ಹೊಸದಲ್ಲ. 13ನೆಯ ಶತಮಾನದ ಕೇಶಿರಾಜನ ‘ಶಬ್ದಮಣಿದರ್ಪಣ’ವಾಗಲಿ, 1604ರಲ್ಲಿ ಭಟ್ಟಾಕಳಂಕನು ರಚಿಸಿದ ‘ಕರ್ಣಾಟಕ ಶಬ್ದಾನುಶಾಸನ’ವಾಗಲಿ ಸಾಮಾನ್ಯ ವಿಧಿಯನ್ನು ಹೇಳಿ, ಅದು ಸಲ್ಲದ ಎಡೆಗಳನ್ನು ಬೇರೆಯಾಗಿ ವಿಧಿಸುವ ಕ್ರಮವನ್ನು ಬಲ್ಲವು. ಶಾಲೆಯ ಪಠ್ಯದವರೆಗೂ ಹರಿದುಬಂದಿರುವ ಲೋಪಸಂಧಿಯ ವಿವರಣೆಯನ್ನೇ ನೋಡಬಹುದು. ಸ್ವರದ ಮುಂದೆ ಸ್ವರ ಬಂದರೆ ಮೊದಲನೆಯದು ಲೋಪವಾಗುತ್ತದೆ, ಅರ್ಥ ಕೆಡದಿದ್ದರೆ. ಊರು ಮತ್ತು ಅನ್ನು ಸೇರಿ ‘ಊರನ್ನು’ ಆಗುತ್ತದೆ. ಗುರು ಮತ್ತು ಅನ್ನು ಸೇರಿದಾಗ ಲೋಪ ಸಲ್ಲದೆ ವಕಾರಾಗಮವಾಗಿ ‘ಗುರುವನ್ನು’ ಆಗುತ್ತದೆ. ‘ಅರ್ಥ ಕೆಡದಿದ್ದರೆ’ ಎಂಬ ಈ ಷರತ್ತು ಗಮನಾರ್ಹ. ರೈಟರ್ ಅವರ ನಿಯಮದಲ್ಲಿ ಮೂರು ಅಂಗಗಳಿವೆ: ಪೂರ್ವಾಪೇಕ್ಷೆ, ವಿರೋಧವಿಲ್ಲವೆಂಬ ಸಮರ್ಥನೆ, ಫಲ. ಲೋಪಸಂಧಿಯ ಷರತ್ತು ನಿಲ್ಲುವುದು ಎರಡನೆಯ ಸ್ಥಾನದಲ್ಲಿ.

ಇಷ್ಟರಿಂದಲೇ ನಮ್ಮ ಪೂರ್ವಿಕರು ಗಣಕಶಾಸ್ತ್ರವನ್ನು ಅರಿತಿದ್ದರೆಂದು ಸಾರುವ ಉತ್ಸಾಹಕ್ಕೆ ಎಡೆಯಿಲ್ಲ. ಸಂಸ್ಕೃತವನ್ನೂ ಕೃತಕ ಬುದ್ಧಿಮತ್ತೆಯನ್ನೂ ಕುರಿತು ರಿಕ್ ಬ್ರಿಗ್ಸ್ 1985ರಲ್ಲಿ ಬರೆದ ಲೇಖನವು ಇಂಥ ಉತ್ಸಾಹಕ್ಕೆ ಬೇಕಾದಷ್ಟು ಇಂಧನ ಒದಗಿಸಿದೆ. ಸಾದೃಶ್ಯಕ್ಕಿಂತ ಭೇದದಲ್ಲಿ ನಮಗೆ ಕಲಿಯಲು ಹೆಚ್ಚಿನದಿದೆ. ವ್ಯಾಕರಣದಲ್ಲಿ ಅಪವಾದವು ಉತ್ಸರ್ಗವನ್ನು ಬಾಧಿಸುತ್ತದೆ. ಸಮಬಲದ ಎರಡು ವಿಧಿಗಳು ಎದುರಾದರೆ ಮುಂದಿನದು ಗೆಲ್ಲಬೇಕೆಂದು ಪಾಣಿನಿಯೇ ವಿಧಿಸಿದ್ದಾನೆ. ರೈಟರ್ ಅವರ ಮೂಲ ತರ್ಕದಲ್ಲಿ ಇಂಥ ಬಲಾಬಲವಿಲ್ಲ. ಎರಡು ನಿಯಮಗಳು ಎದುರುಬದುರಾದರೆ ಪರಸ್ಪರ ಹೊಂದದ ಎರಡು ನಿರ್ಣಯಗಳೂ ಸಾಧುವೇ ಆಗುತ್ತವೆ. ಗೋವಾ ಎಂಬ ಹೆಸರಿಗೆ ‘ಗೋವಾಕ್ಕೆ’, ‘ಗೋವಾಗೆ’ ಎಂಬ ಎರಡೂ ರೂಪಗಳು ಬಳಕೆಯಲ್ಲಿವೆ. ವೈಯಾಕರಣನು ಇದನ್ನು ವಿಕಲ್ಪವೆಂದು ಕರೆದು ಮುಂದೆ ಸಾಗಬಲ್ಲನು; ತಂತ್ರಾಂಶವು ಒಂದನ್ನೇ ಮುದ್ರಿಸಬೇಕು. ನಿರೂಪಣೆಯು ಇಲ್ಲಿ ಮೌನವಾದರೆ ಆಯ್ಕೆಯು ಕ್ರಮವಿಧಿ ಬರೆಯುವವನ ಪಾಲಾಗುತ್ತದೆ, ಅದೂ ಅವನ ಅರಿವಿಗೆ ಬಾರದಂತೆ, ಸಾಲುಗಳ ಹಿಂದುಮುಂದಿನಿಂದ. ಆದ್ದರಿಂದ ಡಿಫಾಲ್ಟ್ ನಿಯಮವನ್ನು ಬಳಸುವ ನಿರೂಪಣೆಯು ಬಲಾಬಲವನ್ನೂ ವಿಕಲ್ಪವನ್ನೂ ಬಾಯಿಬಿಟ್ಟು ಹೇಳಲೇಬೇಕೆಂಬುದು ನನ್ನ ಅಭಿಪ್ರಾಯ.

ಪ್ರತ್ಯಯ ತಪ್ಪಿದರೆ ಕಣ್ಣಿಗೆ ಅಸಹ್ಯ, ಅಷ್ಟೆ. ಇದೇ ನಾಲ್ಕು ಊರುಗಳ ಜಿಲ್ಲೆಯ ವಿಚಾರಕ್ಕೆ ಬಂದರೆ ತಪ್ಪಿನ ಬೆಲೆ ಬೇರೆ. 2021ರವರೆಗೆ ನಾಲ್ಕೂ ಬಳ್ಳಾರಿ ಜಿಲ್ಲೆಯಲ್ಲಿದ್ದವು. ಆ ವರ್ಷ ವಿಜಯನಗರ ಜಿಲ್ಲೆ ರಚನೆಯಾಗಿ ಹೊಸಪೇಟೆ ಅದರ ಕೇಂದ್ರವಾಯಿತು. ಹಂಪಿ ಅದರೊಡನೆ ಹೋಯಿತು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಕಂಪ್ಲಿಯು ಪ್ರತ್ಯೇಕ ತಾಲ್ಲೂಕಾಗುವ ಮೊದಲು ಹೊಸಪೇಟೆ ತಾಲ್ಲೂಕಿಗೆ ಸೇರಿತ್ತು. ಹೀಗಾಗಿ ‘ಹೊಸಪೇಟೆ ತಾಲ್ಲೂಕು ವಿಜಯನಗರ ಜಿಲ್ಲೆಗೆ ಸೇರಿದ್ದು’ ಎಂಬ ಒಂದೇ ಸಂಗತಿಯನ್ನು ತಿದ್ದಿದರೆ ಕಂಪ್ಲಿಯ ಹಳೆಯ ದಾಖಲೆಗಳೂ ತಪ್ಪಾಗಿ ಆ ಜಿಲ್ಲೆಗೆ ಸರಿಯುತ್ತವೆ. 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿಯ ಸೌಲಭ್ಯಕ್ಕೆ ಬೀದರ, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ ಎಂಬ ಆರು ಹೆಸರುಗಳನ್ನು ಮಾತ್ರ ಪರಿಶೀಲಿಸುವ ನಿರೂಪಣೆಯು, ವಿಜಯನಗರವೆಂದು ವಿಳಾಸ ಬರೆದ ಹೊಸಪೇಟೆಯ ಅರ್ಜಿದಾರನನ್ನು ಹೊರಗಿಡುತ್ತದೆ.

ವಿರುದ್ಧ ಸಾಕ್ಷ್ಯವಿಲ್ಲವೆಂಬ ಕಾರಣದಿಂದ ಪ್ರತ್ಯಯವನ್ನು ನಿರ್ಧರಿಸಬಹುದು. ಹಕ್ಕನ್ನು ನಿರ್ಧರಿಸುವಲ್ಲಿ ಅದೇ ಕಾರಣವು ನಿರ್ಣಯವಾಗದೆ ಪ್ರಶ್ನೆಯಾಗಿ ಉಳಿಯಬೇಕು. ಡಿಫಾಲ್ಟ್‌ನಿಂದ ಬಂದ ಉತ್ತರವೆಂಬ ಗುರುತು ಆ ಉತ್ತರದ ಜೊತೆಗೇ ಸಾಗಬೇಕು. ಹರಪನಹಳ್ಳಿಯು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆಗೆ, 2018ರಲ್ಲಿ ಮರಳಿ ಬಳ್ಳಾರಿಗೆ, 2021ರಲ್ಲಿ ವಿಜಯನಗರಕ್ಕೆ ಸೇರಿತು. ಅಲ್ಲಿ ಹುಟ್ಟಿದವನ ಜಿಲ್ಲೆ ಯಾವುದೆಂದು ವರ್ಷವನ್ನು ಕೇಳದೆ ಉತ್ತರಿಸುವ ಯಾವ ನಿಯಮವನ್ನೂ, ಅದು ಎಷ್ಟೇ ಅಚ್ಚುಕಟ್ಟಾಗಿರಲಿ, ನಿರೂಪಣೆಯಲ್ಲಿ ಸೇರಿಸಲಾಗದು.