'ಆಡಾಡತ ಆಯುಷ್ಯ': ರಂಜನೆಯೂ ಪ್ರಾಮಾಣ್ಯವೂ

ಓದುವಾಗ ರಂಜಿಸುವ ಚರಿತ್ರೆಯನ್ನು ಸಂಶಯದಿಂದ ಕಾಣುವುದು ವಿದ್ವಾಂಸರ ವಾಡಿಕೆ. ರಸವು ಹೆಚ್ಚಿದಲ್ಲಿ ತಥ್ಯವು ಕಡಮೆಯಾಗಿರಬೇಕೆಂಬುದು ಅವರ ಭೀತಿ. ಈ ಭೀತಿಯು ಎಷ್ಟರಮಟ್ಟಿಗೆ ಯುಕ್ತವೆಂಬುದನ್ನು ಪರೀಕ್ಷಿಸುವುದಕ್ಕೆ ಗಿರೀಶ ಕಾರ್ನಾಡರ (1938–2019) 'ಆಡಾಡತ ಆಯುಷ್ಯ'ಕ್ಕಿಂತ ತಕ್ಕ ಗ್ರಂಥವು ದೊರೆಯುವುದು ಕಷ್ಟ. ಧಾರವಾಡದ ಮನೋಹರ ಗ್ರಂಥಮಾಲೆಯು ಇದನ್ನು 2011ರಲ್ಲಿ ಪ್ರಕಟಿಸಿತು. ಇದರ ಹೆಸರು ಬೇಂದ್ರೆಯವರ ಕವಿತೆಯಿಂದ ಬಂದುದು. 'ಆಟ'ವೆಂಬ ಮಾತಿಗೆ ಕ್ರೀಡೆಯೆಂದೂ ನಾಟಕವೆಂದೂ ಎರಡರ್ಥವಿರುವುದರಿಂದ ನಾಟಕಕಾರನ ಆತ್ಮಚರಿತೆಗೆ ಅದು ಚೆನ್ನಾಗಿ ಒಪ್ಪುತ್ತದೆ.

ಗ್ರಂಥವು ಒಂದು ವಿಚಿತ್ರವಾದ ಪ್ರಸಂಗದಿಂದ ಆರಂಭವಾಗುತ್ತದೆ. ಗ್ರಂಥಕರ್ತರು ಇನ್ನೂ ಗರ್ಭದಲ್ಲಿದ್ದಾಗ ತಾಯಿಯು ಆ ಗರ್ಭವು ಬೇಡವೆಂದು ಪುಣೆಯ ವೈದ್ಯೆಯೊಬ್ಬರ ಬಳಿಗೆ ಹೋಗಿದ್ದರು. ಆ ದಿನ ವೈದ್ಯೆ ಬರಲಿಲ್ಲ. ಕಾದು ಕಾದು ಹಿಂದಿರುಗಿದರು. ಹೀಗೆ ಬಾರದೆ ಹೋದ ಡಾಕ್ಟರ್ ಮಧುಮಾಲತಿ ಗುಣೆಯವರ ನೆನಪಿಗೇ ಗ್ರಂಥವು ಅರ್ಪಿತವಾಗಿದೆ. ವಾಚಕನು ನಗುತ್ತಾನೆ, ನಕ್ಕ ಮೇಲೆ ಒಂದು ಆಯುಷ್ಯವೆಲ್ಲ ಎಂತಹ ಆಕಸ್ಮಿಕದ ಮೇಲೆ ನಿಂತಿದೆಯೆಂದು ಬೆಚ್ಚುತ್ತಾನೆ. ಇಲ್ಲಿ ರಂಜನೆಯು ಅರ್ಥವನ್ನು ಮರೆಮಾಡದೆ ಅದನ್ನು ಹೊತ್ತು ತಂದಿದೆ.

ನಾಟಕಗಳು ಹುಟ್ಟಿದ ಬಗೆಯನ್ನು ಹೇಳುವ ಭಾಗಗಳೂ ಇಂತಹವೇ. 1960ರಲ್ಲಿ ರೋಡ್ಸ್ ವಿದ್ಯಾರ್ಥಿವೇತನ ಪಡೆದು ಆಕ್ಸ್‌ಫರ್ಡಿಗೆ ಹೊರಟ ತರುಣನಿಗೆ ಇಂಗ್ಲಿಷ್ ಕವಿಯಾಗಬೇಕೆಂಬ ಹಂಬಲ. ಆದರೆ ಲೇಖನಿಯಿಂದ ಇಳಿದುದು ಕನ್ನಡದ 'ಯಯಾತಿ'. ಮಗನು ಪರದೇಶದಲ್ಲೇ ನಿಂತುಬಿಟ್ಟಾನೆಂಬ ಮನೆಯವರ ಆತಂಕವು ಮಗನ ಯೌವನವನ್ನು ಬೇಡುವ ತಂದೆಯ ಕಥೆಯಾಗಿ ರೂಪುಗೊಂಡಿತು. ಕನ್ನಡದಲ್ಲಿ ಗಟ್ಟಿಯಾದ ಐತಿಹಾಸಿಕ ನಾಟಕಗಳಿಲ್ಲವೆಂಬ ಕೀರ್ತಿನಾಥ ಕುರ್ತಕೋಟಿಯವರ ಮಾತು 'ತುಘಲಕ್'ಗೆ (1964) ಪ್ರೇರಣೆಯಾಯಿತು. ಸಾಹಿತ್ಯಚರಿತ್ರಕಾರನಿಗೆ ಇವು ಬೆಲೆಯುಳ್ಳ ಸಾಕ್ಷ್ಯಗಳು.

ಆದರೆ ಗ್ರಂಥದಲ್ಲಿ ಒಂದು ನ್ಯೂನತೆಯಿದೆ. ಅದು ತೋರುವುದು ಗ್ರಂಥಕರ್ತರ ನಾಟಕಗಳ ಪಕ್ಕದಲ್ಲಿಟ್ಟು ನೋಡಿದಾಗಲೇ. ಬಂಟ್ವಾಳ ಸೀಮೆಯ ವಾಮದಪದವಿನಂತಹ ಊರಿನಲ್ಲಿ ತಾಳಮದ್ದಳೆ ಕೇಳಿ ಬೆಳೆದ ವಾಚಕನಿಗೆ ಇದು ಬೇಗ ಹೊಳೆಯುತ್ತದೆ. ಅಲ್ಲಿ ಭಾಗವತನು ಪದ್ಯ ಹಾಡಿದ ಮಾತ್ರಕ್ಕೆ ಪ್ರಸಂಗವು ತೀರುವುದಿಲ್ಲ. ಕೃಷ್ಣನ ಮಾತಿಗೆ ಕೌರವನ ಪ್ರತ್ಯುತ್ತರವಿರಲೇಬೇಕು. ಇದಿರು ಅರ್ಥಧಾರಿಯ ವಾದಕ್ಕೆ ಬಲವಿಲ್ಲದಿದ್ದರೆ ಕೃಷ್ಣನ ಅರ್ಥವೂ ಸಪ್ಪೆಯಾಗುತ್ತದೆ. 'ತುಘಲಕ್'ನಲ್ಲಿ ಈ ನ್ಯಾಯವು ಪೂರ್ಣವಾಗಿ ಸಂದಿದೆ: ಸುಲ್ತಾನನಿಗೆ ಅಗಸನಾದ ಅಜೀಜನು ಇದಿರುನಿಂತು ಉತ್ತರ ಹೇಳುತ್ತಾನೆ. ಆತ್ಮಚರಿತೆಯಲ್ಲಾದರೋ ಸ್ನೇಹಿತರು, ನಟರು, ಸಾಹಿತಿಗಳು ಬರುತ್ತಾರೆ, ಒಂದೆರಡು ಗೆರೆಗಳಲ್ಲಿ ಚಿತ್ರಿತರಾಗುತ್ತಾರೆ, ಹೋಗುತ್ತಾರೆ. ತಮ್ಮ ಅರ್ಥವನ್ನು ತಾವು ಹೇಳಲಾರರು. ಅವರಲ್ಲಿ ಕೆಲವರು ಗತಿಸಿದವರು. ಚಿತ್ರವು ಚುರುಕಾದಷ್ಟೂ ಅದೇ ನಿಜವೆಂದು ವಾಚಕನು ನಂಬುತ್ತಾನೆ. ಮೇಲೆ ಹೇಳಿದ ವಿದ್ವಾಂಸರ ಭೀತಿಗೆ ಇಲ್ಲಿ ಕಾರಣವುಂಟು.

ಇದಕ್ಕೆ ಅಪವಾದವೊಂದಿದೆ, ಅದೇ ಗ್ರಂಥದ ಶಿಖರ. ತಾಯಿ ಕೃಷ್ಣಾಬಾಯಿಯವರು ಎಳವೆಯಲ್ಲಿ ವಿಧವೆಯಾಗಿ, ಕೈಗೂಸನ್ನಿಟ್ಟುಕೊಂಡು ದಾದಿಯ ವೃತ್ತಿಯನ್ನು ಕೈಕೊಂಡು, ಅನಂತರ ಡಾಕ್ಟರ್ ರಘುನಾಥ ಕಾರ್ನಾಡರನ್ನು ವರಿಸಿದವರು. ವೃದ್ಧಾಪ್ಯದಲ್ಲಿ ಅವರು ತಮ್ಮ ಬಾಳಿನ ಚಿಕ್ಕ ಕಥನವೊಂದನ್ನು ಬರೆದಿಟ್ಟರು. ಮಗನು ಆ ಕಥನವನ್ನು ಆಧರಿಸಿರುವುದರಿಂದ ಇಲ್ಲಿ ಎರಡನೆಯ ಕಂಠವೊಂದು ಕೇಳಿಸುತ್ತದೆ. ತಾಯಿ ಹೇಳಿದುದಕ್ಕೂ ಮಗನು ಗ್ರಹಿಸಿದುದಕ್ಕೂ ನಡುವಣ ಅಂತರದಲ್ಲಿ ಆ ಕಾಲದ ವಿಧವೆಯರ ಪಾಡೂ ಒಬ್ಬ ಹೆಣ್ಣಿನ ಧೈರ್ಯವೂ ಅಲಂಕಾರವಿಲ್ಲದೆ ಕಾಣಿಸುತ್ತವೆ. ರಂಜನೆಗೂ ಪ್ರಾಮಾಣ್ಯಕ್ಕೂ ಸಹಜವಾದ ವಿರೋಧವಿಲ್ಲವೆಂಬುದಕ್ಕೆ ಈ ಪುಟಗಳೇ ಸಾಕ್ಷಿ. ಕೊರತೆಯಿರುವುದು ರಸದ ಆಧಿಕ್ಯದಿಂದಲ್ಲ, ಇದಿರು ಮಾತಿನ ಅಭಾವದಿಂದ.

ಈ ಕಥನವು ಆಯುಷ್ಯದ ಪೂರ್ವಾರ್ಧಕ್ಕೇ ನಿಲ್ಲುತ್ತದೆ. 'ನಾಗಮಂಡಲ' (1988), 'ತಲೆದಂಡ' (1990) ಇವುಗಳ ಕಾಲವು ಅದರ ಆಚೆಗಿದೆ. ಆದುದರಿಂದ ಕಾರ್ನಾಡರ ಚರಿತ್ರೆಯನ್ನು ಮುಂದೆ ಬರೆಯುವವರ ಹೊಣೆ ಎರಡು ಬಗೆಯದು: ಉಳಿದ ಭಾಗವನ್ನು ತುಂಬುವುದು, ಹೇಳಿದ ಭಾಗದಲ್ಲಿ ಇತರರ ಪತ್ರಗಳನ್ನೂ ನೆನಪುಗಳನ್ನೂ ಕೂಡಿಸಿ ಅವರ ಅರ್ಥಕ್ಕೆ ಎಡೆಗೊಡುವುದು. ಅಲ್ಲಿಯವರೆಗೆ ವಾಚಕರು ಈ ಗ್ರಂಥವನ್ನು ಸಂತೋಷದಿಂದ ಓದತಕ್ಕದ್ದು. ಆದರೆ ಪದ್ಯವನ್ನು ಕೇಳಿದ್ದಾಯಿತು, ಪ್ರತ್ಯುತ್ತರವನ್ನು ಇನ್ನೂ ಕೇಳಬೇಕಾಗಿದೆಯೆಂಬ ಎಚ್ಚರವನ್ನು ಬಿಡತಕ್ಕದ್ದಲ್ಲ.