ಯಾವ ಟೇಬಲ್ ನಂಬಲಿ?

ಕೇಳುಗರಿಗೆ ಹಾಡು ಹುಡುಕಿಕೊಡುವ ಸ್ಪಾಟಿಫೈ ಕಂಪನಿಯೊಳಗೇ ಇನ್ನೊಂದು ಹುಡುಕಾಟ ನಡೆದಿತ್ತು. ಡೇಟಾ ಗೂಗಲ್ ಕ್ಲೌಡ್‌ಗೆ ಸಾಗತೊಡಗಿದ ಮೇಲೆ ಟೇಬಲ್‌ಗಳು ಲೆಕ್ಕವಿಲ್ಲದಷ್ಟು ಬೆಳೆದವು. ಯಾವುದನ್ನು ನಂಬಬೇಕೆಂದು ವಿಶ್ಲೇಷಕರಿಗೆ ತಿಳಿಯದಾಯಿತು. ಅದಕ್ಕೆಂದೇ 2017ರಲ್ಲಿ ಲೆಕ್ಸಿಕಾನ್ ಎಂಬ ಆಂತರಿಕ ಹುಡುಕುಸಾಧನ ಹುಟ್ಟಿತು.

ಅದರ ಜಾಣ್ಮೆ ಎದ್ದು ಕಾಣುತ್ತಿದ್ದುದು ಕ್ರಮೇಣ ಸುಧಾರಿಸಿದ ಮುಖಪುಟದಲ್ಲಿ. ಏನು ಹುಡುಕಬೇಕೆಂದು ಹೊಳೆಯದವರ ಮುಂದೆಯೂ ಅದು ಕಂಪನಿಯಲ್ಲೆಲ್ಲ ಚಾಲ್ತಿಯಲ್ಲಿದ್ದ ಟೇಬಲ್‌ಗಳು, ತಂಡದವರು ಬಳಸುತ್ತಿದ್ದವು, ‘ನಿಮಗೆ ಉಪಯೋಗಕ್ಕೆ ಬರಬಹುದಾದವು’ ಎಂದು ವಿಂಗಡಿಸಿ ಇಡುತ್ತಿತ್ತು. ಈ ಕೊನೆಯ ಪಟ್ಟಿ ಅಲ್ಗಾರಿದಂನ ಆಯ್ಕೆ. ಟೇಬಲ್ ತೆರೆದರೆ ಯಾವ ಕಾಲಂ ಹೆಚ್ಚು ಬಳಕೆಯಲ್ಲಿದೆ, ಜನ ಆ ಟೇಬಲನ್ನು ಬೇರೆ ಯಾವ ಟೇಬಲ್ ಜೊತೆ ಜೋಡಿಸುತ್ತಾರೆ ಎಂಬುದೂ ಕಾಣುತ್ತಿತ್ತು.

ಜೊತೆಗೆ ಹುಡುಕಿದ ವಿಷಯದಲ್ಲಿ ಪಳಗಿದ ಸಹೋದ್ಯೋಗಿಯ ಹೆಸರನ್ನೂ ಸೂಚಿಸುತ್ತಿತ್ತು. ಬಲ್ಲವರನ್ನು ಕೇಳಿ ಎನ್ನುವ ಯಂತ್ರದ ಮೇಲೆ ನನಗೆ ನಂಬಿಕೆ ಜಾಸ್ತಿ.