ಬೆರಳ ತುದಿಯ ಬಣ್ಣದ ಚಕ್ರ

ಮೊಬೈಲ್ ಆ್ಯಪ್‌ಗಳಲ್ಲಿ ಬಣ್ಣ ಆರಿಸಲು ಇಟ್ಟಿರುವ ಆ ಪುಟ್ಟ ಚಕ್ರ ನನಗೆ ಬಹಳ ಇಷ್ಟ. ಪರದೆಯಲ್ಲಿ ಸಾಮಾನ್ಯವಾಗಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 256 ಹಂತ. ಗುಣಿಸಿದರೆ 1,67,77,216 ಬಣ್ಣ. ಅಷ್ಟರಲ್ಲಿ ಬೇಕಾದ್ದನ್ನು ಬರೀ ಅಂಕಿ ಹಿಡಿದು ಹುಡುಕುವುದು ಯಾರಿಂದಾದೀತು? 1978ರಲ್ಲಿ ಕಂಪ್ಯೂಟರ್ ಗ್ರಾಫಿಕ್ಸ್ ತಜ್ಞ ಆಲ್ವಿ ರೇ ಸ್ಮಿತ್ ಆ ಲೆಕ್ಕವನ್ನೇ ಕಣ್ಣಿಗೆ ಒಗ್ಗುವಂತೆ ಹೊರಳಿಸಿದರು: ಯಾವ ಬಣ್ಣ, ಎಷ್ಟು ಗಾಢ, ಎಷ್ಟು ಬೆಳಕು. ಅಂಚಿನಗುಂಟ ಬೆರಳಾಡಿಸಿದರೆ ಬಣ್ಣ ಬದಲಾಗುತ್ತದೆ, ನಡುವಿಗೆ ಸರಿದರೆ ಬಿಳಿಯತ್ತ ತಿಳಿಯಾಗುತ್ತದೆ. ಬೆಳಕಿಗೆ ಪಕ್ಕದಲ್ಲೊಂದು ಪಟ್ಟಿ. ಎಷ್ಟು ಚೆಂದದ ಏರ್ಪಾಡು!

ಇದನ್ನು ಪೈಠಣಿ ಸೀರೆಯ ಆ್ಯಪ್ ಒಂದಕ್ಕೆ ಸೇರಿಸುವುದಾದರೆ? ನಾಸಿಕ್ ಜಿಲ್ಲೆಯ ಯೇವಲಾ, ಛತ್ರಪತಿ ಸಂಭಾಜಿನಗರ ಜಿಲ್ಲೆಯ ಪೈಠಣ, ಎರಡೂ ಆ ರೇಷ್ಮೆಯ ಊರುಗಳು. ಅಲ್ಲಿನ ಎಷ್ಟೋ ಸೀರೆಗಳಲ್ಲಿ ಹಾಸಿನ ನೂಲು ಒಂದು ಬಣ್ಣ, ಹೊಕ್ಕಿನದು ಇನ್ನೊಂದು. ನೆರಿಗೆ ಅಲುಗಿದರೆ ನೇರಳೆಯೊಳಗಿಂದ ಕೆಂಪು ಹಣಕುತ್ತದೆ. ಒಂದೇ ಬಿಂದುವನ್ನು ಗುರುತಿಸುವ ಚಕ್ರಕ್ಕೆ ಆ ಬಣ್ಣ ದಕ್ಕದು. ಅದರ ಮೇಲೆ ಎರಡು ಗುಂಡಿ ಬೇಕು, ಹಾಸಿಗೊಂದು, ಹೊಕ್ಕಿಗೊಂದು. ಫೋನನ್ನು ವಾಲಿಸಿದಂತೆ ಪರದೆಯ ಸೀರೆ ಒಂದರಿಂದ ಇನ್ನೊಂದಕ್ಕೆ ಜಾರಬೇಕು. ವಾಲಿಕೆ ಅಳೆಯುವ ಸೆನ್ಸರ್ ಈಗಿನ ಫೋನುಗಳಲ್ಲಿ ಹೇಗೂ ಇದೆ, ಯಾರಾದರೂ ಇದನ್ನು ಮಾಡಲಿ ಎಂಬುದು ನನ್ನ ಆಸೆ.